ಸ್ಲೈಡಿಗೆ ಒಂದು ಹನಿ ಎಣ್ಣೆ

ಚೆನ್ನಾಗಿರುವುದನ್ನು ಇನ್ನೂ ಚೆನ್ನಾಗಿ ಮಾಡಲು ಹೋಗಿ ಕೆಡಿಸುವುದು ನನ್ನ ಹುಟ್ಟುಗುಣ. ಮೈಸೂರಿನಲ್ಲಿ ಮಿಕ್ಸಿ ಬಿಚ್ಚುತ್ತಿದ್ದೆ. ೨೦೧೭ರ ನವೆಂಬರಿನಲ್ಲಿ, ಹೊರದೇಶದ ಬರ್ಲಿಂಗ್ಟನ್ನಿನ ಮನೆಯಲ್ಲಿ, ಏರ್‌ಸಾಫ್ಟ್ ಪಿಸ್ತೂಲು ಬಿಚ್ಚಿದೆ. ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಪಿಸ್ತೂಲು ಅದು. ನಾವು ಆಫೀಸಿನವರು ಊರಾಚೆ ಮೈದಾನದಲ್ಲಿ ಎರಡು ತಂಡವಾಗಿ ಆಡುತ್ತೇವೆ. ಹಿಂದಿನ ಸಲ ಮ್ಯಾನೇಜರು ಹತ್ತೇ ಹೆಜ್ಜೆ ದೂರದಲ್ಲಿ ಬೆನ್ನು ತೋರಿಸಿ ನಿಂತಿದ್ದರೂ ನನ್ನ ಗುರಿ ತಪ್ಪಿತ್ತು. ಅದನ್ನು ಆತ ಪ್ರತಿ ಮೀಟಿಂಗಿನಲ್ಲೂ ಹೇಳಿ ನಗುತ್ತಿದ್ದ. ಒಂದೇ ಒಂದು ಸಲ ಅವನಿಗೆ ಹೊಡೆಯಬೇಕು, ಅಷ್ಟೇ ನನ್ನ ಆಸೆ.

೧. ಕಬ್ಬಿಣದ ಕಡಲೆ

ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗವೇ ಸ್ಲೈಡು. ಪ್ಲಾಸ್ಟಿಕ್ಕಿನದು ತೆಗೆದು ಲೋಹದ್ದು ಹಾಕಿದೆ. ಹೊಡೆದರೆ ಹಿಂದೆ ಹೋಗುತ್ತಿತ್ತು, ವಾಪಸ್ ಬರುವಾಗ ಅರ್ಧಕ್ಕೇ ನಿಲ್ಲುತ್ತಿತ್ತು. ಸ್ಲೈಡು ಭಾರ, ಹಳೆ ಸ್ಪ್ರಿಂಗಿಗೆ ತಳ್ಳುವ ಶಕ್ತಿಯಿಲ್ಲ ಎಂದ ಅಂಗಡಿಯವನು. ಗಟ್ಟಿ ಸ್ಪ್ರಿಂಗ್ ತಂದು ಹಾಕಿದೆ. ಈಗ ಸ್ಲೈಡು ಜಾಗ ಬಿಟ್ಟು ಅಲ್ಲಾಡಲೇ ಇಲ್ಲ. ನನಗೆ ಅಳು ಬರುವುದೊಂದು ಬಾಕಿ.

ನನ್ನ ಗಂಡ ಉಡುಪಿಯವರು. ಸಮಾಧಾನವಾಗಿ ನೋಡಿದರು.

"ಮೊದಲು ಹೋಗ್ತಿತ್ತು, ಬರ್ತಿರ್ಲಿಲ್ಲ. ಈಗ ಹೋಗುದೇ ಇಲ್ಲ, ಹಾಗಾಗಿ ಬರುವ ಚಿಂತೆಯೂ ಇಲ್ಲ. ಇದು ಅಪ್‌ಗ್ರೇಡೇ ಮಾರಾಯ್ತಿ."

೨. ಮ್ಯಾನೇಜರ ಉಪಕಾರ

ಆಫೀಸಿನಲ್ಲಿ ಗೆಳತಿಯ ಹತ್ತಿರ "ನನ್ನ ಸ್ಲೈಡು ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಹೋಗಲ್ಲ" ಎಂದು ಗೋಳು ತೋಡಿಕೊಳ್ಳುತ್ತಿದ್ದೆ. ಮ್ಯಾನೇಜರು ಕೇಳಿಸಿಕೊಂಡ. ಕುರ್ಚಿ ಎಳೆದುಕೊಂಡು ನನ್ನ ಲ್ಯಾಪ್‌ಟಾಪಿನ ಮುಂದೆ ಕೂತ. ಅನಿಮೇಷನ್ ಜಾಸ್ತಿಯಾದರೆ ಹೀಗೇ ಆಗುವುದು ಎನ್ನುತ್ತಾ ನನ್ನ ಪ್ರೆಸೆಂಟೇಷನ್ನಿನ ಅನಿಮೇಷನ್ನನ್ನೆಲ್ಲ ಅಳಿಸಿಹಾಕಿದ. ಎರಡು ದಿನದ ಕೆಲಸ! ಬಾಯಿ ಬಿಟ್ಟರೆ ಗುಟ್ಟು ರಟ್ಟಾಗುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

"ಯಾರಿಗೋಸ್ಕರ ಇಷ್ಟೊಂದು ತಯಾರಿ?" ಎಂದು ಕೇಳಿದ.

"ನಿಮಗೋಸ್ಕರವೇ" ಎಂದೆ. ಖುಷಿಯಾಗಿ ಎದ್ದು ಹೋದ.

೩. ಅಮ್ಮನ ಬುದ್ಧಿಮಾತು

ಮೈಸೂರಿನಿಂದ ವಿಡಿಯೋ ಕಾಲ್ ಮಾಡಿದ ಅಮ್ಮ "ಯಾಕೇ ಮುಖ ಸಪ್ಪಗಿದೆ?" ಎಂದರು.

"ಸ್ಲೈಡ್ ಸರಿಯಾಗಿ ಕೂರ್ತಾನೇ ಇಲ್ಲಮ್ಮ."

ನಮ್ಮ ಮನೆಯಲ್ಲಿ ಸ್ಲೈಡ್ ಎಂದರೆ ಕೂದಲಿಗೆ ಸಿಕ್ಕಿಸುವ ಪಿನ್ನು ಎಂಬುದು ನನಗೆ ಮರೆತೇ ಹೋಗಿತ್ತು.

"ಎಣ್ಣೆ ಹಚ್ಚಿರ್ತೀಯ. ಎಣ್ಣೆಗೂ ಸ್ಲೈಡಿಗೂ ಆಗಿಬರಲ್ಲ ಕಣೇ."

"ಅಯ್ಯೋ ಅಮ್ಮ, ಇದು ಪಿಸ್ತೂಲಿನ ಸ್ಲೈಡು!"

ಅಮ್ಮ ಫೋನಿಗೆ ಮುಖ ಹತ್ತಿರ ತಂದರು. ಆಮೇಲೆ ಮೆಲ್ಲಗೆ ಕೇಳಿದರು: "ಅಳಿಯಂದ್ರು ಹುಷಾರಾಗಿದಾರಾ?"

೪. ಒಂದು ಹನಿ

ಆಟದ ಹಿಂದಿನ ದಿನ ಅಂಗಡಿಯವನು ಕೊನೆಗೂ ಕಾರಣ ಹೇಳಿದ. ಹೊಸ ಸ್ಲೈಡು ಉಜ್ಜುತ್ತಿದೆ, ಒಂದು ಹನಿ ಸಿಲಿಕೋನ್ ಎಣ್ಣೆ ಬಿಟ್ಟರೆ ಸಾಕು. ಆ ಸೀಸೆ ಮನೆಯ ಮೇಜಿನ ಮೇಲೇ ಇತ್ತು. "ರೀ, ಸ್ಲೈಡಿಗೆ ಒಂದು ಹನಿ ಎಣ್ಣೆ ಹಾಕಿಡಿ" ಎಂದು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಸ್ಲೈಡು ಬೆಣ್ಣೆಯ ಹಾಗೆ ಓಡುತ್ತಿತ್ತು! ಅಡುಗೆಮನೆಯಲ್ಲಿ ನಿಂತು ಇಪ್ಪತ್ತು ಸಲ ಎಳೆದು ನೋಡಿದೆ. ಗಂಡನನ್ನು ಬಾಯಿ ತುಂಬ ಹೊಗಳಿದೆ.

ಮರುದಿನ ಮೈದಾನದಲ್ಲಿ ಮೂಳೆ ಕೊರೆಯುವ ಚಳಿ. ಅದೇ ಮ್ಯಾನೇಜರು, ಅದೇ ಹತ್ತು ಹೆಜ್ಜೆ, ಅದೇ ಬೆನ್ನು. ಪಿಸ್ತೂಲಿನ ಕುದುರೆ ಒತ್ತಿದೆ. ಟುಸ್ ಎಂದಿತು, ಅಷ್ಟೇ. ನೂಕಿದೆ, ಎಳೆದೆ, ಬೈದೆ. ಸ್ಲೈಡು ಮಿಸುಕಲಿಲ್ಲ. ಆತ ನಿಧಾನವಾಗಿ ತಿರುಗಿ ನನಗೇ ಹೊಡೆದ. ಬಿಚ್ಚಿ ನೋಡಿದರೆ ಒಳಗೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಮನೆಗೆ ಬಂದಾಗ ಗಂಡ ಅಮ್ಮನ ಜೊತೆ ವಿಡಿಯೋ ಕಾಲಿನಲ್ಲಿದ್ದರು.

"ಯಾವ ಎಣ್ಣೆ ಹಾಕಿದ್ರಿ?" ಎಂದು ಕಿರುಚಿದೆ.

"ಎಣ್ಣೆ ಅಂದ್ರೆ ಇನ್ನೆಂಥದ್ದು? ತೆಂಗಿನೆಣ್ಣೆ."

"ಚಳಿಗೆ ಗಟ್ಟಿಯಾಗತ್ತೆ ಅಂತ ಗೊತ್ತಿಲ್ವಾ?"

"ಗೊತ್ತುಂಟಲ್ಲ. ಅದಕ್ಕೇ ಬಿಸಿ ಮಾಡಿ ಹಾಕಿದ್ದು."

ನಾನು ಬಾಯಿ ತೆರೆಯುವ ಮೊದಲೇ ಫೋನಿನೊಳಗಿಂದ ಅಮ್ಮನ ದನಿ ಬಂತು: "ಎಣ್ಣೆಗೂ ಸ್ಲೈಡಿಗೂ ಆಗಿಬರಲ್ಲ ಅಂತ ನಾನು ಅವತ್ತೇ ಬಡ್ಕೊಂಡೆ!"