ಸಾಲು ತಪ್ಪಿದ ಚೆಂಡುಹೂಗಳು

ಅಂಗಡಿಯಿಂದ ಹೂಬಿಟ್ಟ ಕುಂಡ ತಂದು ಬಾಗಿಲಲ್ಲಿಟ್ಟು, ತಾವೇ ಬೆಳೆಸಿದವರಂತೆ ಮುಖ ಮಾಡಿ ನಿಲ್ಲುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ನನ್ನ ಓರಗಿತ್ತಿ ಅಂಥವಳು. ಆಕೆಯ ಮನೆಯಲ್ಲೇ, ಆಕೆ ಕೊಟ್ಟ ಕಾಫಿ ಕುಡಿಯುತ್ತಲೇ ಘೋಷಿಸಿದೆ: "ಬೀಜ ಬಿತ್ತಿ ಹೂವರಳಿಸಿದರೆ ಅದು ಕೃಷಿ. ಇದು ಬರೀ ಖರೀದಿ."

"ಹಾಗಾದ್ರೆ ಬೆಳೆಸಿ ಅಕ್ಕಾ, ನೋಡೋಕೆ ಬರ್ತೀನಿ. ಹೂವು ಬಿಡದಿದ್ರೆ ನನ್ನ ಕುಂಡಾನೇ ನಿಮ್ಮ ಬಾಗಿಲಲ್ಲಿಡ್ತೀನಿ. ನೀವೇ ದಿನಾ ಅದಕ್ಕೆ ನೀರು ಹಾಕ್ಬೇಕು, ಆಯ್ತಾ?"

ಆಯಿತೆಂದೆ. (ಅನ್ನದೆ ಏನು? ಮಕ್ಕಳ ಮದುವೆಯಾದ ಮೇಲೆ ಸಂಜೆಶಾಲೆ ಸೇರಿ, ಸಸ್ಯಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳಾದವಳು ನಾನು.)

ಅಂಗಳದ ಪಾತಿಯಲ್ಲಿ ಹಗ್ಗ ಹಿಡಿದು ನೇರ ಸಾಲೆಳೆದೆ. ಸಾಲಿಗೆ ಗೊಬ್ಬರ ತುಂಬಿ ಚೆಂಡುಹೂವಿನ ಬೀಜ ಉದುರಿಸಿದೆ. ನೀರು ಚಿಮುಕಿಸುವ ಹೊಣೆಯನ್ನು ಯಜಮಾನರಿಗೆ ವಹಿಸಿದೆ. ಅವರು ಬಕೆಟ್ ಎತ್ತಿ ಸುರಿದೇಬಿಟ್ಟರು.

"ರೀ! ಅದು ಬೀಜ, ಎಮ್ಮೆಯಲ್ಲ!"

"ಬಾಯಾರಿರುತ್ತೆ ಅಂದ್ಕೊಂಡೆ ಕಣೇ."

ಸಾಲಿನಲ್ಲೂ ಮೊಳಕೆ ಬಂತು, ಪಾತಿಯ ಅಂಚಿನಲ್ಲೂ ಬಂತು. ನನ್ನ ಆಡಳಿತದಲ್ಲಿ ನಿಯಮ ಒಂದೇ: ಸಾಲಿನಲ್ಲಿ ನಿಂತದ್ದು ಸಸಿ, ಸಾಲು ತಪ್ಪಿದ್ದು ಕಳೆ. ಅಂಚಿನದನ್ನೆಲ್ಲ ಕಿತ್ತು ಯಜಮಾನರ ಕೈಗಿತ್ತು, "ಎಸೆಯಿರಿ" ಎಂದೆ. (ಹಿಡಿ ಮುರಿದ ಕೊಡೆಯನ್ನೂ ಎಸೆಯಲಾರದ ಮಹಾನುಭಾವರು. ಬಿಸಿಲು ಬೀಳುವ ಮಾಳಿಗೆಯ ಮೇಲೆ ಅವರದೊಂದು ಹಳೇ ಸಾಮಾನಿನ ಸಾಮ್ರಾಜ್ಯವಿದೆ. ನಾನು ಅಲ್ಲಿಗೆ ಕಾಲಿಡುವುದಿಲ್ಲ.)

ಸಾಲಿನ ಗಿಡಗಳು ಸಿಪಾಯಿಗಳಂತೆ ಬೆಳೆದವು. ಎಲೆ ಚೆಂಡುಹೂವಿನಂತೆಯೇ ಸೀಳುಸೀಳು. ಹೂವು ಮಾತ್ರ ನುಚ್ಚಕ್ಕಿಯಂಥ ಬಿಳಿ ಚುಕ್ಕೆ. ಇನ್ನೂ ಅರಳುತ್ತದೆಂದು ಕಾದೆ. ಓರಗಿತ್ತಿ ಬರುವ ದಿನ ಬೆಳಿಗ್ಗೆ ನೋಡುತ್ತೇನೆ, ಚರಂಡಿಯುದ್ದಕ್ಕೂ ಅದೇ ಗಿಡ! ಚೆಂಡುಹೂವಿನ ಬೀಜವನ್ನು ಅವತ್ತಿನ ಬಕೆಟ್ ನೀರು ಅಂಚಿಗೆ ಕೊಚ್ಚಿಕೊಂಡು ಹೋಗಿತ್ತು. ನಾನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದು ಗೊಬ್ಬರದೊಳಗಿನ ಕಳೆಯನ್ನು.

"ರೀ... ನಾನು ಕಿತ್ತದ್ದೇ ಚೆಂಡುಹೂವು." ನನ್ನ ದನಿ ನನಗೇ ಕೇಳಿಸಲಿಲ್ಲ.

ಯಜಮಾನರು ಮಾಳಿಗೆ ಹತ್ತಿದರು. ಇಳಿದಾಗ ಅವರ ತೋಳಿನಲ್ಲಿ ತೂತುಬಿದ್ದ ಹಳೆಯ ಬಕೆಟ್. ಅದರ ತುಂಬ ಮುಷ್ಟಿಗಾತ್ರದ ಕೇಸರಿ ಚೆಂಡುಗಳು!

"ಎಸೀಲಿಲ್ವಾ?"

"ಮನಸ್ಸು ಬರ್ಲಿಲ್ಲ. ಇದ್ರಲ್ಲಿ ನೆಟ್ಟೆ."

"ಇಷ್ಟು ದಿನ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಮತ್ತೆ ಎಸೀರಿ ಅಂತಿದ್ದೆ."

ಹೋದ ಜೀವ ಬಂದಂತಾಯಿತು. ಕಳೆಯನ್ನೆಲ್ಲ ಕಿತ್ತೊಗೆದು, ಬಕೆಟ್ಟನ್ನು ಬಾಗಿಲಲ್ಲಿ ಪ್ರತಿಷ್ಠಾಪಿಸಿ, ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಓರಗಿತ್ತಿ ಬಂದಳು. ಕೈಯಲ್ಲಿ ಕುಂಡ. ತೆರೆದ ಬಾಯಿ ತೆರೆದೇ ಇತ್ತು.

"ಬೀಜದಿಂದಾನಾ ಅಕ್ಕಾ? ಹೇಗೆ ಬೆಳೆಸಿದ್ರಿ?"

ಉಪನ್ಯಾಸಕ್ಕೆಂದು ಗಂಟಲು ಸರಿಪಡಿಸಿಕೊಂಡೆ. ಯಜಮಾನರೇ ಮುಂದಾದರು: "ಸುಲಭ ಕಣಮ್ಮಾ. ಮೊಳಕೆ ಬಂದ ಕೂಡ್ಲೇ ನಿಮ್ಮಕ್ಕನ ಕೈಲಿ ಕೀಳಿಸ್ಬೇಕು."

ತಮಾಷೆಯೆಂದುಕೊಂಡು ಓರಗಿತ್ತಿ ಹೊಟ್ಟೆ ಹಿಡಿದು ನಕ್ಕಳು. ಬದುಕಿದೆ! ಆದರೆ ಆಕೆ ಕುಂಡ ಕೆಳಗಿಟ್ಟು ಬಕೆಟ್ಟನ್ನು ಸವರಿದಳು.

"ಭಾವ, ಇಂಥದ್ದು ನನಗೂ ಒಂದು ಸಿಗುತ್ತಾ?"

"ಸಿಗದೆ ಏನಮ್ಮಾ?" ಯಜಮಾನರು ಮಾಳಿಗೆಯತ್ತ ಕೈತೋರಿದರು. "ಇವಳು ಎಸೀರಿ ಅಂದಿದ್ದೆಲ್ಲಾ ಮೇಲಿದೆ!"

ನಾನು ಕಾಫಿಯ ನೆಪದಲ್ಲಿ ಒಳನಡೆದೆ.