ಖಾಲಿ ಪಂಜರಗಳ ಕಾಕಾ

ನನ್ನ ಕಾಕಾನ ಮನೆಯಲ್ಲಿ ಉಂಡವರು ಯಾರೂ ಈವರೆಗೆ ಸತ್ತಿಲ್ಲ. ಆದರೆ ಉಣ್ಣುವಾಗ ಪ್ರತಿಯೊಬ್ಬರಿಗೂ ಇನ್ನೇನು ಸಾಯುತ್ತೇನೆ ಅನ್ನಿಸಿದ್ದುಂಟು! ಅಡುಗೆಯ ತಪ್ಪಲ್ಲ, ಅವರ ಹೆಂಡತಿ ಕಾಕು ಮಾಡುವ ಕಟ್ಟಿನ ಸಾರಿಗೆ ಇಡೀ ನಾಗಪುರದಲ್ಲಿ ಜೋಡಿಯಿಲ್ಲ. ತಪ್ಪೆಲ್ಲ ಕಾಕಾನ ಕಣ್ಣುಗಳದು. ನೀವು ಮೊದಲ ತುತ್ತು ಬಾಯಿಗಿಟ್ಟಿರೋ, ಅವರು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಆಮೇಲೆ ನಿಮ್ಮನ್ನು ನೋಡುತ್ತಾರೆ. ಮೊದಲು ತುಟಿ, ಆಮೇಲೆ ಕಣ್ಣಿನ ಸುತ್ತ, ಆಮೇಲೆ ಉಗುರು. ರೆಪ್ಪೆ ಬಡಿಯುವುದಿಲ್ಲ. ನೀವು ಒಂದು ಸಲ ನೀರು ಕುಡಿದರೆ ತಲೆಯಾಡಿಸುತ್ತಾರೆ. ಎರಡನೆಯ ಸಲ ಕುಡಿದರೆ ಬರೆದುಕೊಳ್ಳುತ್ತಾರೆ.

ಇಂಥ ಮನೆಗೆ ಯಾಕೆ ಹೋಗುತ್ತೀ ಎಂದು ನೀವು ಕೇಳಬಹುದು. ಹೋಗದೆ ಗತಿಯಿರಲಿಲ್ಲ. ಎಂಟು ವರ್ಷದ ನನ್ನ ಮಗಳಿಗೆ ಇದ್ದಕ್ಕಿದ್ದಂತೆ ಉಬ್ಬಸ ಬರುತ್ತಿತ್ತು. ನಗುತ್ತಾ ಆಡುತ್ತಾ ಇದ್ದವಳು ಕೂತಲ್ಲೇ ಭುಜ ಎತ್ತೆತ್ತಿ ಉಸಿರು ಹುಡುಕುತ್ತಿದ್ದಳು. ಒಬ್ಬ ಡಾಕ್ಟರು ಧೂಳು ಎಂದರು, ಇನ್ನೊಬ್ಬರು ಬೇಸಿಗೆಯ ಒಣಗಾಳಿ ಎಂದರು, ಮತ್ತೊಬ್ಬರು ಖಾಪರಖೇಡಾದ ವಿದ್ಯುತ್ ಸ್ಥಾವರದ ಬೂದಿ ಎಂದರು. ಕಾಕಾ ಒಬ್ಬರೇ ಕೇಳಿದ್ದು, "ಅದಕ್ಕ ಮೊದಲ ಏನು ತಿಂದಿದ್ಳು?" ಎಂದು.

ಕಾಕಾ ನನ್ನ ಅಪ್ಪನ ತಮ್ಮ. ಧಾರವಾಡದಿಂದ ನೌಕರಿಗೆಂದು ನಾಗಪುರಕ್ಕೆ ಬಂದು ಇಲ್ಲೇ ಬೇರು ಬಿಟ್ಟವರು. ತಿನಿಸಿಗೆ ಹಾಕುವ ಬಣ್ಣ, ಕೆಡದಂತೆ ಬೆರೆಸುವ ಪುಡಿ, ಸಕ್ಕರೆಯ ಬದಲು ಬಳಸುವ ಸಿಹಿ, ಇವನ್ನೆಲ್ಲ ಜನ ತಿನ್ನಬಹುದೋ ಬಾರದೋ ಎಂದು ನೋಡುವ ಪ್ರಯೋಗಶಾಲೆಯೊಂದರಲ್ಲಿ ಅವರ ಕೆಲಸ. ನೋಡುವುದು ಹೇಗೆ? ಬಿಳಿ ಇಲಿಗಳಿಗೆ ತಿನ್ನಿಸಿ! ಅರ್ಧ ಇಲಿಗಳಿಗೆ ಬಣ್ಣದ ಆಹಾರ, ಇನ್ನರ್ಧಕ್ಕೆ ಬರೇ ಸಾದಾ ಆಹಾರ. ಸಾದಾ ತಿನ್ನುವ ಗುಂಪಿಗೆ ಕಂಟ್ರೋಲ್ ಎಂದು ಹೆಸರು. ದಿನಾ ಬೆಳಗ್ಗೆ ಎಂಟಕ್ಕೆ ಒಂದೊಂದು ಪಂಜರದ ಮುಂದೆ ನಿಂತು ಕೂದಲಿನ ಹೊಳಪು, ಕಣ್ಣಿನ ಬಣ್ಣ, ನಡಿಗೆ ಎಲ್ಲ ಬರೆದುಕೊಳ್ಳಬೇಕು. ಎರಡು ವರ್ಷ ಹೀಗೆ ಸಾಕಿ, ಕೊನೆಗೆ ಕೊಂದು, ಕೊಯ್ದು, ಒಳಗೆ ಏನಾಗಿದೆ ಎಂದು ನೋಡಬೇಕು.

"ಸಾದಾ ತಿಂದವುನ್ನೂ ಕೊಲ್ತಿದ್ರೇನ್ರಿ?" ಎಂದು ಒಮ್ಮೆ ಊಟಕ್ಕೆ ಕೂತಾಗ ಕೇಳಿದ್ದೆ.

"ಮತ್ತ? ಇಲ್ಲಾಂದ್ರ ಯಾತರ ಜೋಡಿ ಹೋಲಿಸೂದು?" ಎಂದು ಕಾಕಾ ಮಜ್ಜಿಗೆ ಬಡಿಸಿಕೊಂಡರು. ನನ್ನ ಕೈ ಅನ್ನದಲ್ಲೇ ನಿಂತುಬಿಟ್ಟಿತು. ಅವರು ತಕ್ಷಣ ಗಡಿಯಾರ ನೋಡಿಕೊಂಡರು.

ಇಲಿಗೆ ಏನೂ ಕೇಡು ಮಾಡದ ಪ್ರಮಾಣ ಎಷ್ಟೆಂದು ಕಂಡುಹಿಡಿದು, ಅದನ್ನು ನೂರು ಪಾಲು ಮಾಡಿ, ಒಂದೇ ಪಾಲು ಮನುಷ್ಯನಿಗೆ ಎನ್ನುವುದು ಅವರ ಕಸುಬಿನ ಲೆಕ್ಕ. ಇಲಿ ಬೇರೆ, ಮನುಷ್ಯ ಬೇರೆ, ಮನುಷ್ಯರಲ್ಲೂ ಕೂಸು ಬೇರೆ, ಮುದುಕ ಬೇರೆ, ಅದಕ್ಕೇ ಇಷ್ಟು ಜೋಪಾನ. ಕಾಕಾ ಇದನ್ನು ಬಾಳಿಗೂ ಹಚ್ಚಿಬಿಟ್ಟರು. ನೂರು ಮಾತಾಡುವ ಕಡೆ ಒಂದೇ ಮಾತು. ಕಾಕು ಹೇಳುತ್ತಾಳೆ: "ಲಗ್ನಾದಾಗಿಂದ ನನಗ ಪ್ರೀತಿನೂ ನೂರರಾಗ ಒಂದು ಪಾಲನ ಕೊಟ್ಟಾರವಾ. ಸೇಫ್ ಡೋಸು!"

ನಿವೃತ್ತಿಯ ಹೊತ್ತಿಗೆ ಪ್ರಯೋಗಶಾಲೆಯವರು ಹಳೇ ಪಂಜರಗಳನ್ನು ಹೊರಗೆಸೆದರು. ಕಾಕಾ ಆರು ಪಂಜರಗಳನ್ನು ಆಟೋದಲ್ಲಿ ಹೇರಿಕೊಂಡು ಬಂದು ಹಿಂದಿನ ಕೋಣೆಯಲ್ಲಿ ಸಾಲಾಗಿ ಇಟ್ಟರು. ಒಳಗೆ ಏನೂ ಇಲ್ಲ. ಆದರೆ ನೀರಿನ ಬಾಟಲಿಗಳು ಮಾತ್ರ ದಿನಾ ತುಂಬಿರುತ್ತವೆ! ಬೆಳಗ್ಗೆ ಎಂಟು ಹೊಡೆಯುತ್ತಲೇ ಬಿಳೀ ಕೋಟು ತೊಟ್ಟು, ಸದ್ದಾಗದ ರಬ್ಬರ್ ಚಪ್ಪಲಿ ಮೆಟ್ಟಿ, ಒಂದೊಂದು ಖಾಲಿ ಪಂಜರದ ಮುಂದೆ ಅರ್ಧರ್ಧ ಮಿನಿಟು ನಿಲ್ಲುತ್ತಾರೆ. ಬಗ್ಗಿ ನೋಡುತ್ತಾರೆ. ಮುಂದಿನದಕ್ಕೆ ಹೋಗುತ್ತಾರೆ.

ನನ್ನ ಮಗಳು ಬಾಗಿಲ ಸಂದಿಯಿಂದ ನೋಡಿ ಬಂದು ನನ್ನ ಸೆರಗು ಜಗ್ಗಿದಳು. "ಅಮ್ಮಾ, ಅಜ್ಜ ನಾಲ್ಕನೇ ಪಿಂಜರಾದ ಮುಂದ ಜಾಸ್ತಿ ವೇಳ ನಿಂದರತಾರ. ತಿಥೆ ಕೋಣ್ ಆಹೆ?"

ಅಲ್ಲಿ ಯಾರಿದ್ದಾರೆ ಎಂದು ನನಗೇನು ಗೊತ್ತು? ಕಾಕುವನ್ನು ಕೇಳಿದೆ. "ಯಾರರ ಇರ್ಲಿ, ನನ್ನ ಮುಂದ ಅರ್ಧಾ ಮಿನಿಟ್ ಎಂದೂ ನಿಂತಿಲ್ಲ," ಎಂದು ಆಕೆ ಒಗ್ಗರಣೆ ಸಿಡಿಸಿದಳು. ನಾನು ಮಾತ್ರ ಆ ಕೋಣೆಯ ಕಡೆ ಬೆನ್ನು ಹಾಕಿ ಕೂಡುವುದನ್ನು ಅವತ್ತಿನಿಂದ ಬಿಟ್ಟೆ.

ಪಿತೃಪಕ್ಷದ ಕಥೆಯಂತೂ ಕೇಳಲೇಬೇಕು. ಮಹಾಲಯ ಅಮಾವಾಸ್ಯೆಯ ದಿನ ಕಾಕಾನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರಿಗೂ ಪಿಂಡವಿಟ್ಟು ಮುಗಿಯಿತು. ಆಚಾರ್ಯರು ಇನ್ನು ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳಿದರು.

"ಉಳದಾರ," ಎಂದರು ಕಾಕಾ.

"ಹೆಸರು ಹೇಳ್ರಿ."

"ನಾಲ್ಕುನೂರಾ ಹದಿನೇಳು."

"ಅದು ನಂಬರಾತ್ರಿ. ಗೋತ್ರ?"

"ಕಂಟ್ರೋಲ್ ಗ್ರೂಪ್."

ಆಚಾರ್ಯರು ಎಳ್ಳು ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ಕಾಕುವಿನ ಮುಖ ನೋಡಿದರು. ಕಾಕಾನ ಕೈಯಲ್ಲಿ ಅಂಥ ಇಲಿಗಳ ನಂಬರಿನ ಉದ್ದನೆಯ ಪಟ್ಟಿಯೇ ಇತ್ತು! ಕೊನೆಗೆ ಆಚಾರ್ಯರು ಹೇಗೋ ಒಂದು ಮಂತ್ರದಲ್ಲಿ ಎಲ್ಲವನ್ನೂ ಸೇರಿಸಿ ಕೈಮುಗಿದರು. ಮರುವರ್ಷ ಫೋನು ಮಾಡಿದರೆ ಉಮರೇಡಿನಲ್ಲಿದ್ದೇನೆ, ಬರಲಾಗುವುದಿಲ್ಲ ಎಂದರು.

ಮದುವೆಗೆ ಕರೆದುಕೊಂಡು ಹೋದರೆ ಇನ್ನೂ ಫಜೀತಿ. ಜಿಲೇಬಿಯ ಕೇಸರಿ ಬಣ್ಣ ಕಂಡ ಕಾಕಾ ತಾವು ತಿನ್ನಲಿಲ್ಲ, ತಿನ್ನುವವರಿಗೆ ಬೇಡವೆನ್ನಲೂ ಇಲ್ಲ. ತಟ್ಟೆ ಹಿಡಿದ ಒಬ್ಬ ದಪ್ಪನೆಯ ಗೃಹಸ್ಥರ ಎದುರು ನಿಂತು ಅವರನ್ನೇ ನೋಡತೊಡಗಿದರು. ಆ ಮನುಷ್ಯ ಮೂರನೆಯ ಜಿಲೇಬಿಗೆ ತಡವರಿಸಿದ. "ಕ್ಯಾ ದೇಖ್ ರಹೇ ಹೋ, ಸಾಬ್?"

"ಕುಛ್ ನಹೀಂ, ಖಾಯಿಯೇ, ಖಾಯಿಯೇ," ಎಂದು ಕಾಕಾ ಮೃದುವಾಗಿ ಹೇಳಿದರು. "ಅಭೀ ತೋ ದೋ ಘಂಟೇ ಹೈಂ."

ಇನ್ನೂ ಎರಡು ತಾಸಿದೆ ಎಂದು ಕೇಳಿದ್ದೇ ಆತ ತಟ್ಟೆ ಅಲ್ಲೇ ಇಟ್ಟು ಹೊರಟುಹೋದ. ಉಡುಗೊರೆಯನ್ನೂ ಕೊಡಲಿಲ್ಲವಂತೆ!

ಇಂಥವರ ಕೈಗೆ ನಾನು ಮಗಳನ್ನು ಕೊಟ್ಟೆ. ಗಂಡ ಬುಟಿಬೋರಿಯ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದುದರಿಂದ ಮಗಳ ಬೇಸಿಗೆ ರಜೆಯಿಡೀ ನಾವಿಬ್ಬರೂ ಕಾಕಾನ ಮನೆಯಲ್ಲೇ ಇದ್ದೆವು. ಮೊದಲು ಅನ್ನ, ತೊವ್ವೆ, ಮನೆಯ ಮೊಸರು, ಇಷ್ಟೇ. ಆಮೇಲೆ ನಾಲ್ಕು ದಿನಕ್ಕೊಂದು ಹೊಸ ಪದಾರ್ಥ. ಒಂದು ದಿನ ಅವರ ರಿಜಿಸ್ಟರು ತೆಗೆದು ನೋಡಿದೆ. ಅದು ಇಲಿಗಳ ಹಳೇ ರಿಜಿಸ್ಟರು. ಕೊನೆಯ ಇಲಿಯ ಕೆಳಗಿನ ಸಾಲಿನಲ್ಲಿ ಮುಂದಿನ ನಂಬರು ಹಾಕಿ, ತೂಕ, ಕೂದಲು, ಕಣ್ಣು, ನಡಿಗೆ ಎಂದು ನನ್ನ ಮಗಳ ವಿವರ ಬರೆದಿದ್ದರು. ಮೇಲಿನ ಪ್ರತಿ ಇಲಿಯ ಸಾಲೂ ಅದನ್ನು ಕೊಂದ ತಾರೀಖಿನಲ್ಲಿ ಮುಗಿದಿತ್ತು.

"ಇದೇನ್ ಕಾಕಾ! ಆಕೀಗೆ ಹೆಸರಿಲ್ಲೇನು?" ಎಂದು ಕಿರುಚಿದೆ.

"ಹೆಸರು ಬರದ್ರ ಕಣ್ಣು ಸುಳ್ಳು ಹೇಳ್ತಾವವಾ," ಎಂದರು. "ನಮ್ಮಾಕಿ ಛಲೋ ಇರ್ಲಿ ಅಂತ ಮನಸ್ಸು ಬೇಡತದ. ಆಮ್ಯಾಲೆ ಕಣ್ಣಿಗೆ ಹಂಗ ಕಾಣಸ್ತದ."

ಅವತ್ತೇ ಗಂಟುಮೂಟೆ ಕಟ್ಟುವವಳಿದ್ದೆ. ಆದರೆ ನಿಜ ಹೇಳಬೇಕಲ್ಲ, ಮಗಳಿಗೆ ಆ ಒಂದೂವರೆ ತಿಂಗಳಲ್ಲಿ ಒಮ್ಮೆಯೂ ಉಬ್ಬಸ ಬಂದಿರಲಿಲ್ಲ. ಒಂದೊಂದೇ ಪದಾರ್ಥ ಪಾಸಾಗುತ್ತಾ ಹೋಗಿ ಕೊನೆಗೆ ಒಂದೇ ಉಳಿಯಿತು: ಬಾಟಲಿಯ ಸಂತ್ರಾ, ಅಂದರೆ ಕಿತ್ತಳೆಯ, ಶರಬತ್ತು. ಅದು ಕೆಡದಿರಲೆಂದು ಬೆರೆಸುವ ಪುಡಿ ಸಾವಿರಾರು ಮಕ್ಕಳಿಗೆ ಏನೂ ಮಾಡುವುದಿಲ್ಲ, ಆದರೆ ಉಬ್ಬಸವಿದ್ದ ಕೆಲವರ ಉಸಿರು ಹಿಡಿಯುತ್ತದೆ ಎಂದರು ಕಾಕಾ. ಹಳೇ ದಿನಗಳನ್ನು ನೆನೆದರೆ ಹೆಚ್ಚಿನ ಸಲ ಶರಬತ್ತು ಕುಡಿದ ಮೇಲೆಯೇ ಉಬ್ಬಸ ಎದ್ದಿತ್ತು. ಆದರೆ ಅನುಮಾನ ಬೇರೆ, ರುಜುವಾತು ಬೇರೆ. ಮತ್ತೊಮ್ಮೆ ಕುಡಿಸಿ ನೋಡಬೇಕು.

ಹಟ ಹಿಡಿದವಳು ನಾನೇ. ಖಚಿತವಾದರೆ ಮುಂದೆ ಹುಟ್ಟುಹಬ್ಬಕ್ಕೋ ಮದುವೆಗೋ ಮಗಳನ್ನು ಕಳಿಸಿ ಪ್ರಾಣ ಹಿಡಿದುಕೊಂಡು ಕೂಡುವುದು ತಪ್ಪುತ್ತದಲ್ಲ! ಆಸ್ಪತ್ರೆಯಲ್ಲಿ ಔಷಧ, ಆಮ್ಲಜನಕ ಎಲ್ಲ ಪಕ್ಕದಲ್ಲಿಟ್ಟುಕೊಂಡು ತೀರಾ ಸಣ್ಣ ಪ್ರಮಾಣದಿಂದ ಮಾಡೋಣ ಎಂದು ಡಾಕ್ಟರಮ್ಮ ಒಪ್ಪಿದರು. ಮಗಳು ಅಜ್ಜನ ಕೈಯಿಂದಲೇ ಕುಡಿಯುತ್ತೇನೆ ಎಂದಳು. ಕಾಕಾ ಅಳೆದ ಶರಬತ್ತನ್ನು ಚಮಚಕ್ಕೆ ಹಾಕಿಕೊಂಡರು.

"ಅಜ್ಜಾ, ಜಲ್ದಿ ಕೊಡು," ಎಂದು ಮಗಳು ಕಣ್ಣು ಮುಚ್ಚಿ ಬಾಯಿ ತೆರೆದಳು.

ಚಮಚ ಅರ್ಧ ದಾರಿಯಲ್ಲಿ ನಿಂತಿತು. ಕಾಕಾ ಅವಳ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ ತಿರುಗಿ, ಚಮಚವನ್ನು ತೊಟ್ಟಿಯಲ್ಲಿ ಬಗ್ಗಿಸಿ ನಳ ಬಿಟ್ಟರು.

"ಸರ್, ಬಿನಾ ಟೆಸ್ಟ್ ಕೇ ಪತಾ ಕೈಸೇ ಚಲೇಗಾ?" ಎಂದು ಡಾಕ್ಟರಮ್ಮ, ಪರೀಕ್ಷಿಸದೆ ಗೊತ್ತಾಗುವುದು ಹೇಗೆಂದು ಕೇಳಿದರು.

"ನಹೀಂ ಚಲೇಗಾ," ಗೊತ್ತಾಗುವುದಿಲ್ಲ, ಎಂದು ಕಾಕಾ ಹೊರಗೆ ನಡೆದರು.

ಬೆಂಚಿನ ಮೇಲೆ ಕೂತಿದ್ದ ಅವರ ಮೇಲೆ ನಾನು ಹರಿಹಾಯ್ದೆ. "ಇಷ್ಟು ಮಾಡಿ ಕಡೀಕ ಬಿಟ್ಟುಬಿಡೂದಾ? ಆಕೀ ಜೀವಕ್ಕ ಏನು ಕಂಟಕ ಅಂತ ನನಗ ಗೊತ್ತಾಗೂದು ಬ್ಯಾಡೇನು?"

"ಆ ಬಾಟಲಿ ಮನೀಗೆ ತರೂದು ಬ್ಯಾಡ. ಇನ್ನೊಂದ್ಯಾವುದರ ಇದ್ರ ನಾ ನೋಡ್ಕೋತೀನಿ, ಇರೂತನಕ ನೋಡ್ಕೋತೀನಿ," ಎಂದರು. ಚಮಚ ಹಿಡಿದಿದ್ದ ಕೈಯನ್ನು ತಿರುಗಿಸಿ ನೋಡಿಕೊಂಡರು. "ಅವೂ ಹಿಂಗ ಬಾಯಿ ತೆರೀತಿದ್ದುವವಾ, ನನ್ನ ಕೈ ಕಂಡ ಕೂಡ್ಲೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಮಗಳು ಓಡಿ ಬಂದು ಅಜ್ಜನ ತೊಡೆ ಏರಿ, ಶರಬತ್ತು ಕೊಡುತ್ತೇನೆಂದು ಕರೆತಂದು ಮೋಸ ಮಾಡಿದಿರಿ, ನೀವಿಬ್ಬರೂ ಸುಳ್ಳುಬುರುಕರು ಎಂದು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬೈಯತೊಡಗಿದಳು. ಎಲ್ಲೂ ನಿಲ್ಲಲಿಲ್ಲ, ಒಂದೇ ಉಸಿರಿನಲ್ಲಿ ಬೈದಳು. ನಾವಿಬ್ಬರೂ ಕಣ್ಣೊರೆಸಿಕೊಳ್ಳುತ್ತಾ ಅವಳು ಮುಗಿಸುವವರೆಗೂ ಕೇಳುತ್ತಾ ಕೂತೆವು.