ಹನ್ನೊಂದು ಗಂಟೆಯ ಹಲ್ಲುಸೆಟ್ಟು

ಗಡಿಯಾರ ರಿಪೇರಿಯವನ ಮೇಲೆ ಇದ್ದ ದೂರು ಒಂದೇ. ಅವನು ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಜನ ಮೊಬೈಲಿನಲ್ಲೇ ಗಂಟೆ ನೋಡಲು ಶುರು ಮಾಡಿದ ಮೇಲೆ ಅವನ ಅಂಗಡಿಗೆ ಗಿರಾಕಿಗಳಿಗಿಂತ ನೊಣಗಳು ಬರುವುದೇ ಹೆಚ್ಚಾಗಿತ್ತು. ಆಗ ಪಕ್ಕದಂಗಡಿಯ ಟೈಲರ್ ಉಪಾಯ ಹೇಳಿಕೊಟ್ಟಿದ್ದ. "ಸ್ಕೂಟರ್ ಇದೆ, ಮೊಬೈಲ್ ಇದೆ, ಇನ್ನೇನು ಬೇಕು? ಡೆಲಿವರಿಗೆ ಸೇರ್ಕೊಳ್ಳಿ. ಬೇಕಾದಾಗ ಹೋಗೋದು, ಬೇಡ ಅನ್ಸಿದ್ರೆ ಸುಮ್ನಿರೋದು. ನಿಮಗೆ ನೀವೇ ಯಜಮಾನ್ರು!"

ನಲವತ್ತೇಳು ವರ್ಷಗಳಲ್ಲಿ ಒಮ್ಮೆಯೂ ಯಾವುದಕ್ಕೂ ಯಜಮಾನನಾಗಿರದ ಗಡಿಯಾರದವನು ಆ ಮಾತಿಗೇ ಸೋತು ಸೇರಿಕೊಂಡ.

ಕೆಲಸವೇನೋ ಸುಲಭದ್ದೇ. ಆದರೆ 'ಆಗೋದಿಲ್ಲ' ಎಂಬ ಮಾತು ಅವನ ನಾಲಿಗೆಗೆ ಹತ್ತುತ್ತಿರಲಿಲ್ಲ. ಪಾರ್ಸೆಲ್ ಇಸಿದುಕೊಂಡ ಮನೆಯವರು, "ಈ ಗೋಡೆ ಗಡಿಯಾರ ನಿಂತ್ಹೋಗಿದೆ, ಒಂಚೂರು ನೋಡ್ತೀರಾ?" ಅಂದರೆ ಸಾಕು, ಚಪ್ಪಲಿ ಬಿಟ್ಟು ಸ್ಟೂಲು ಹತ್ತುತ್ತಿದ್ದ. ಮುಂದಿನ ಮನೆಯವರು ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ ಕಂಪನಿಯಿಂದ ಸಂದೇಶ ಬಂತು: ಇನ್ನೊಂದು ದೂರು ಬಂದರೆ ನಿಮ್ಮ ಖಾತೆಯನ್ನು ಮುಚ್ಚಲಾಗುವುದು.

ಹೆಂಡತಿ ಅದನ್ನು ಎರಡು ಸಲ ಓದಿದಳು. "ನೋಡಿ, ಅಂಗಡಿ ಬಾಗಿಲು ತೆರೆದಿರೋದೇ ಈ ಓಡಾಟದಿಂದ. ಇವತ್ತು ಯಾರು ಕರೆದ್ರೂ ಕಿವಿ ಕೇಳ್ಸಲ್ಲ ಅಂದ್ಕೊಂಡು ಹೋಗ್ಬಿಡಿ."

"ಹೂಂ," ಅಂದ ಅವನು, ನಿಜಕ್ಕೂ ಗಟ್ಟಿ ಮನಸ್ಸು ಮಾಡಿ.

ಹತ್ತು ಗಂಟೆಗೆ ಮೊಬೈಲು ಗುನುಗಿತು. ದಂತವೈದ್ಯರ ಕ್ಲಿನಿಕ್ಕಿನಿಂದ ಒಂದು ಪೊಟ್ಟಣ, ಹನ್ನೊಂದರೊಳಗೆ ಮುಟ್ಟಿಸಬೇಕು. ಅಲ್ಲಿನ ನರ್ಸು ಅಂಗೈಯಗಲದ ಡಬ್ಬಿ ಕೊಟ್ಟು ಪಿಸುಗುಟ್ಟಿದಳು. "ನಿವೃತ್ತ ಉಪನ್ಯಾಸಕರ ಹಲ್ಲುಸೆಟ್ಟು. ಬೀಳಿಸ್ಬೇಡಿ, ಅಲ್ಲಾಡಿಸ್ಬೇಡಿ." ಸಾಸಿವೆಯಷ್ಟು ಸ್ಕ್ರೂಗಳ ಜೊತೆ ಬಾಳಿದವನಿಗೆ ಅದನ್ನು ಹೇಳಬೇಕಾಗಿರಲಿಲ್ಲ. ಡಬ್ಬಿಯನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಹೊರಟ.

ದಾರಿಯಲ್ಲಿ ಟೈಲರ್ ಅಂಗಡಿ ಎದುರಾಯಿತು. ಗಡಿಯಾರದವನು ಮುಖ ಆ ಕಡೆ ತಿರುಗಿಸಿಕೊಂಡ. ಟೈಲರ್ ರಸ್ತೆಗೇ ಇಳಿದು ಕೋಟೊಂದನ್ನು ಹಿಡಿದು ಸ್ಕೂಟರಿಗೆ ಅಡ್ಡ ನಿಂತ.

"ಆ ಕಡೆನೇ ತಾನೆ ಹೋಗ್ತಿರೋದು? ಈ ಕೋಟು ಬ್ಯಾಂಕ್ ಮ್ಯಾನೇಜರ್ ಮನೆಗೆ ಕೊಟ್ಬಿಡಿ."

"ಇವತ್ತು ಬೇಡಪ್ಪಾ, ನನ್ನ ಖಾತೆ..."

"ಈಗ್ಲೇ ಕೊಡಿ ಅಂದ್ನಾ? ವಾಪಸ್ ಬರ್ತಾ ಕೊಡಿ. ಮಡಚಬೇಡಿ, ಇಸ್ತ್ರಿ ಹಾಳಾಗುತ್ತೆ. ಹಾಕ್ಕೊಂಡೇ ಹೋಗಿ!" ಎನ್ನುತ್ತಾ ಅವನ ತೋಳುಗಳನ್ನು ಹಿಡಿದು ಒಳಗೆ ತೂರಿಸಿಯೇಬಿಟ್ಟ. ಹೀಗೆ ನಮ್ಮ ಗಡಿಯಾರದವನು ಕಪ್ಪು ಸೂಟಿನ ಕೋಟು ತೊಟ್ಟು, ಮದುವೆ ತಪ್ಪಿಸಿಕೊಂಡು ಓಡಿಬಂದ ಗಂಡಿನ ಹಾಗೆ ಸ್ಕೂಟರ್ ಓಡಿಸಿದ.

ಉಪನ್ಯಾಸಕರ ಮನೆಗೆ ಬೀಗ. ಪಕ್ಕದ ಮನೆಯಾಕೆ ಕಿಟಕಿಯಿಂದ ಅವನ ಕೋಟನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು. "ಅವರು ನಿವೃತ್ತ ನೌಕರರ ಸಂಘದ ವಾರ್ಷಿಕೋತ್ಸವಕ್ಕೆ ಹೋದ್ರು. ಹನ್ನೊಂದಕ್ಕೆ ಅವರದ್ದೇ ಭಾಷಣ. ಇಲ್ಲಿ ಕೊಟ್ಟು ಹೋಗಿ, ಬಂದ್ಮೇಲೆ ಕೊಡ್ತೀನಿ."

ಕೊಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಅವನ ಕಣ್ಣಿಗೆ ಕಟ್ಟಿದ್ದು ಬೇರೆಯೇ ಚಿತ್ರ. ನೂರಾರು ಜನರೆದುರು ಪಾಪ, ಒಬ್ಬ ಮುದುಕ ಮೈಕಿನ ಮುಂದೆ ನಿಂತಿದ್ದಾನೆ, ಬಾಯಲ್ಲಿ ಒಂದೂ ಹಲ್ಲಿಲ್ಲ. ಡಬ್ಬಿ ಇರುವುದು ತನ್ನ ಜೇಬಿನಲ್ಲಿ!

"ಸಭಾಭವನ ಎಲ್ಲಿ ಬರುತ್ತೆ ಅಮ್ಮ?" ಅಂದ.

ಆಮೇಲೆ ಅವನು ಓಡಿಸಿದ ರೀತಿಯನ್ನು ಸ್ಕೂಟರ್ ಇವತ್ತಿಗೂ ಮರೆತಿಲ್ಲ. ಝೆರಾಕ್ಸ್ ಅಂಗಡಿಯಾಕೆ ಕೈಗಡಿಯಾರ ಎತ್ತಿ ಬೀಸಿದಳು, ನಿಲ್ಲಲಿಲ್ಲ. ಸೋಡಾ ಮಾರುವವನು "ಅಲಾರಾಂ ಹೊಡ್ಕೋತಾನೇ ಇದೆ ಅಣ್ಣಾ" ಎಂದು ಕೂಗಿದ, ನಿಲ್ಲಲಿಲ್ಲ. ಹುಟ್ಟಿದಾರಭ್ಯ ಮೊದಲ ಸಲ ಇಬ್ಬರಿಗೆ ಇಲ್ಲ ಅಂದಿದ್ದ. ಮೈ ಹಗುರಾಗಿತ್ತು.

ಹತ್ತು ಐವತ್ತೈದಕ್ಕೆ ಸಭಾಭವನದ ಮೆಟ್ಟಿಲು ಹತ್ತಿದ. ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡಿದ್ದ ಕಾರ್ಯದರ್ಶಿ ಕೋಟು ಕಂಡದ್ದೇ ಓಡಿಬಂದ.

"ಬಂದ್ರಾ ಸಾರ್! ಇನ್ನೊಬ್ಬ ಅತಿಥಿ ಬರ್ಲೇ ಇಲ್ವಲ್ಲ ಅಂತ ಜೀವ ಹೋಗಿತ್ತು!"

"ನಾನು ಹಲ್ಲು..."

"ನಗೋದೆಲ್ಲ ಆಮೇಲೆ ಸಾರ್, ಮೊದ್ಲು ಹತ್ತಿ!"

ಅವನು ಬಾಯಿ ಮುಚ್ಚುವುದರೊಳಗೆ ವೇದಿಕೆಯ ಮೇಲಿದ್ದ. ಕೈಯಲ್ಲೊಂದು ಹೂಗುಚ್ಛ, ಪಕ್ಕದ ಕುರ್ಚಿಯಲ್ಲಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡ ಉಪನ್ಯಾಸಕರು. ಅವರ ಕಣ್ಣುಗಳು ಪರೀಕ್ಷೆಗೆ ಬಂದು ಪೆನ್ನು ಮರೆತ ವಿದ್ಯಾರ್ಥಿಯ ಕಣ್ಣುಗಳಂತಿದ್ದವು. ಗಡಿಯಾರದವನು ಮೇಜಿನ ಕೆಳಗಿನಿಂದ ಡಬ್ಬಿ ದಾಟಿಸಿದ.

"ಬಂತಾ? ಫೇವರೇ ಕಳಿಫಿದ ಹಾಗೆ ಬಂದ್ರಿ!" ಎಂದರು ಉಪನ್ಯಾಸಕರು, ಕಣ್ಣಲ್ಲಿ ನೀರು ತಂದುಕೊಂಡು. ಪರದೆಯ ಹಿಂದೆ ಸರಿದರು. ಟಕ್ ಎಂದಿತು. ಹೊರಬಂದವರು ಹತ್ತು ವರ್ಷ ಚಿಕ್ಕವರಾಗಿದ್ದರು.

ಅಷ್ಟರಲ್ಲಿ ಅಧ್ಯಕ್ಷರು ಮೈಕಿನಲ್ಲಿ, "ಉಪನ್ಯಾಸಕರಿಗೆ ಇಂದು ಮಾತನಾಡಲು ಅನನುಕೂಲವಿರುವುದರಿಂದ ನೇರವಾಗಿ ವಂದನಾರ್ಪಣೆಗೆ..." ಎನ್ನುತ್ತಿದ್ದರು. ಸಭೆ ಆಗಲೇ ಚಪ್ಪಾಳೆ ತಟ್ಟುತ್ತಿತ್ತು.

"ಅನುಕೂಲವಾಯಿತು!" ಎಂದು ಗುಡುಗಿದರು ಉಪನ್ಯಾಸಕರು. ಚಪ್ಪಾಳೆ ಅಲ್ಲೇ ಸತ್ತಿತು.

ಮೈಕು ಅವರ ಕೈಗೆ ಹೋಯಿತು. "ಎರಡೇ ಎರಡು ಮಾತು," ಎಂದು ಆರಂಭಿಸಿ ತಮ್ಮ ಹುಟ್ಟಿನಿಂದ ಹಿಡಿದರು. ಗಂಟೆ ಹನ್ನೆರಡಾದಾಗ ಅವರಿಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಒಂದು ಗಂಟೆಗೆ ವರ್ಗಾವಣೆಯಾಯಿತು. ಹಿಂದಿನ ಸಾಲುಗಳು ಬೆಕ್ಕಿನ ಹೆಜ್ಜೆಯಲ್ಲಿ ಖಾಲಿಯಾದವು. ವೇದಿಕೆಯಲ್ಲಿ ಕೂತ ಗಡಿಯಾರದವನಿಗೆ ಮಾತ್ರ ಏಳುವ ದಾರಿಯಿರಲಿಲ್ಲ. ಕೋಟಿನೊಳಗೆ ಮೊಬೈಲು ಒಂದಾದ ಮೇಲೊಂದು ಕರೆಗೆ ಗುನುಗಿ, ಬೇಸತ್ತು, ಸುಮ್ಮನಾಯಿತು.

ಅಧ್ಯಕ್ಷರು ಅವನ ಕಡೆ ಬಾಗಿ, "ಅಂದ ಹಾಗೆ ತಾವು ಯಾರು?" ಎಂದು ಕೇಳಿದರು.

"ಹಲ್ಲು ತಂದುಕೊಟ್ಟವನು ಸಾರ್."

ಅಧ್ಯಕ್ಷರು ತಮ್ಮ ಕುರ್ಚಿಯನ್ನು ಆಚೆ ಎಳೆದುಕೊಂಡರು.

ಎರಡೂವರೆಗೆ ಭಾಷಣ ಮುಗಿಯಿತು. ಮುಂದಿನ ಸಾಲಿನಲ್ಲಿ ಉಳಿದಿದ್ದ ಒಬ್ಬ ಹೆಂಗಸು ನೇರ ಅವನ ಬಳಿಗೇ ಬಂದರು. ಉಪನ್ಯಾಸಕರ ಹೆಂಡತಿ. ಕೈಯಲ್ಲಿ ಮೊಬೈಲು. ಏನೇ ಆಗಲಿ, ಹೊತ್ತಿಗೆ ಮುಂಚೆ ತಲುಪಿಸಿದ್ದೇನೆ, ಐದೂ ನಕ್ಷತ್ರ ಖಂಡಿತ ಎಂದುಕೊಂಡು ಅವನು ಎದ್ದು ನಿಂತ.

"ನೀವೇನಾ?" ಅಂದರು ಆಕೆ. ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. "ನಲವತ್ತು ವರ್ಷದಿಂದ ಈ ಭಾಷಣ ಕೇಳ್ತಿದೀನಿ. ಸೆಟ್ಟು ಸಂಜೆಗೆ ಕಳ್ಸಿ ಅಂತ ಕ್ಲಿನಿಕ್ಕಿಗೆ ಬೇಡ್ಕೊಂಡೆ. ಅವ್ರು ಹನ್ನೊಂದಕ್ಕೇ ಕಳಿಸ್ತೀವಿ ಅಂದ್ಬಿಟ್ರು. ಕೈಕಾಲೇ ಆಡ್ಲಿಲ್ಲ. ಆಮೇಲೆ ಮೊಬೈಲಲ್ಲಿ ನಿಮ್ಮ ಫೋಟೋ ಬಂತು. ಕೆಳಗೆ ಜನ ಬರ್ದಿದ್ದೆಲ್ಲ ಓದ್ದೆ. ಒಬ್ರಾದ್ರೂ ಇವ್ರು ಸಮಯಕ್ಕೆ ಬಂದ್ರು ಅಂದಿಲ್ಲ! ಅಬ್ಬಾ, ದೇವ್ರು ದೊಡ್ಡೋನು ಅಂತ ಪೂರಾ ಸಂಘಕ್ಕೇ ಧೈರ್ಯ ಹೇಳ್ದೆ. ನಿಮ್ಮನ್ನ ಅಷ್ಟು ನಂಬಿದ್ದೆ ಕಣ್ರೀ!"

ಅವನು ಹೂಗುಚ್ಛವನ್ನು ಅವರ ಕೈಗಿತ್ತ. ಆಕೆ ನಿಟ್ಟುಸಿರಿಟ್ಟು ಮೊಬೈಲಿನಲ್ಲಿ ಒಂದೇ ಒಂದು ನಕ್ಷತ್ರ ಒತ್ತಿದರು. ದೂರು ಎಂಬಲ್ಲಿ ಬೆರಳೂರಿ ಬರೆದರು: ಬೇಗ ತಂದರು.

ಕಂಪನಿಯ ಯಂತ್ರಕ್ಕೆ ದೂರೆಂದರೆ ದೂರು. ಅವನ ಜೇಬಿನಲ್ಲಿ ಮೊಬೈಲು ಕೊನೆಯ ಸಲ ಗುನುಗಿತು. ನೋಡಿದ. ಖಾತೆ ಮುಚ್ಚಿತ್ತು.

ಅವನು ಹೊರಗೆ ಬಂದು ಸಭಾಭವನದ ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಹೆಗಲ ಮೇಲೊಂದು ಕೈ ಬಿತ್ತು. ಉಪನ್ಯಾಸಕರು, ಮೂವತ್ತೆರಡೂ ಹಲ್ಲು ತೋರಿಸಿ ನಗುತ್ತಾ, ಪಕ್ಕದಲ್ಲೇ ಆರಾಮವಾಗಿ ಕೂತರು.

"ಕೊನೇವರೆಗೂ ಕದಲದೆ ಕೇಳಿದ್ದು ನೀವೊಬ್ರೇ. ಸಮಯ ಸಾಲ್ದೆ ನಿವೃತ್ತಿಯ ನಂತರದ್ದು ಪೂರ್ತಿ ಬಿಟ್ಟುಹೋಯ್ತು ನೋಡಿ. ಹೇಳ್ಬಿಡ್ತೀನಿ. ನಿಮಗೀಗ ಬೇರೆ ಕೆಲಸ ಏನೂ ಇಲ್ಲ ತಾನೆ?"